ಊಟ ಮುಗಿದ ಮೇಲೆ ನ್ಯೂಟ್ರಾನ್ ನಕ್ಷತ್ರ ಹೇಗೆ ಆರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆ ಮಹಡಿ ಮೇಲೆ ತಿಂಗಳಿಗೆ ಒಂದೆರಡು ಸಲ ಟೆಲಿಸ್ಕೋಪ್ ಇಡುತ್ತೇನೆ. ಅಕ್ಕಪಕ್ಕದ ಮನೆಯವರು, ಅವರ ಮಕ್ಕಳು, ಮಂಡ್ಯದಿಂದ ಬರುವ ನಮ್ಮ ನೆಂಟರು ಎಲ್ಲಾ ಸೇರುತ್ತಾರೆ. ಶನಿಯ ಉಂಗುರ ನೋಡಿ ಮುಗಿಯೋದು ಹತ್ತು ನಿಮಿಷ, ಆಮೇಲೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಹಾಗೆ ಒಂದು ರಾತ್ರಿ ನ್ಯೂಟ್ರಾನ್ ನಕ್ಷತ್ರಕ್ಕೆ ಬಂತು, ಅಲ್ಲಿಂದ ಕದಲಲೇ ಇಲ್ಲ. ಒಂದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳೋದು ಅಂತ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ.

ನ್ಯೂಟ್ರಾನ್ ನಕ್ಷತ್ರ ಅಂದರೆ ಏನು ಸಾರ್? ಬೇಗ ಹೇಳಿ.

ಸೂರ್ಯನಿಗಿಂತ ಎಂಟು ಹತ್ತು ಪಟ್ಟು ಭಾರದ, ಇಲ್ಲಾ ಅದಕ್ಕೂ ಜಾಸ್ತಿ ಭಾರದ ನಕ್ಷತ್ರ ಸ್ಫೋಟವಾಗಿ ಸತ್ತಾಗ ಅದರ ನಡುವಿನ ಭಾಗ ಕುಸಿದು ಉಳಿಯುವ ಉಂಡೆ. ಭಾರ ಸೂರ್ಯನ ಸುಮಾರು 1.4 ಪಟ್ಟು. ಅಡ್ಡಳತೆ ಮಾತ್ರ 24 ಕಿ.ಮೀ. ಆಸುಪಾಸು, ಅಂದರೆ ಮೈಸೂರಿನಿಂದ ನಂಜನಗೂಡಿಗೆ ಹೋದಷ್ಟು. ಹೊರಗಡೆ ಸುಮಾರು ಒಂದು ಕಿ.ಮೀ. ದಪ್ಪದ ಗಟ್ಟಿ ಸಿಪ್ಪೆ ಇದೆ. ಅರಮನೆ ಬಾಗಿಲಿಂದ ಹೊರಟು, ದೊಡ್ಡ ಗಡಿಯಾರ ದಾಟಿ, ದೇವರಾಜ ಮಾರುಕಟ್ಟೆ ಮುಗಿಯೋ ತನಕ ನಡೆದರೆ ಸಿಪ್ಪೆ ಮುಗಿಯಿತು. ಒಳಗಿರೋದು ತಿರುಳು, ಬಹುಪಾಲು ನ್ಯೂಟ್ರಾನ್. ಈ ಪುಟದಲ್ಲಿ ಜಾಸ್ತಿ ಮಾತಾಡೋದು ಆ ಒಂದು ಕಿ.ಮೀ. ಸಿಪ್ಪೆಯ ಬಗ್ಗೆ.

ಅದು ಊಟ ಮಾಡುತ್ತೆ ಅಂತೀರಲ್ಲ, ಏನನ್ನ?

ಜೊತೆಗಾರನನ್ನು. ಕೆಲವು ನ್ಯೂಟ್ರಾನ್ ನಕ್ಷತ್ರಗಳಿಗೆ ಒಂದು ಸಾಧಾರಣ ನಕ್ಷತ್ರ ಜೋಡಿಯಾಗಿರುತ್ತದೆ, ಸಾಮಾನ್ಯವಾಗಿ ಸೂರ್ಯನಿಗಿಂತ ಚಿಕ್ಕದು. ಎರಡೂ ಎಷ್ಟು ಹತ್ತಿರ ಅಂದರೆ ಒಂದು ಸುತ್ತು ಮುಗಿಯೋಕೆ ಕೆಲವೇ ಗಂಟೆ ಸಾಕು. ಆ ಜೊತೆಗಾರನ ಮೈಯಿಂದ ಅನಿಲ ಸೋರಿ ಬಂದು, ನೇರವಾಗಿ ಬೀಳದೆ, ನ್ಯೂಟ್ರಾನ್ ನಕ್ಷತ್ರದ ಸುತ್ತ ತಟ್ಟೆಯ ಹಾಗೆ ತಿರುಗುತ್ತಾ ಶೇಖರವಾಗುತ್ತದೆ.

ಇಲ್ಲಿಂದ ಮುಂದೆ ನಮಗೆ ಗೊತ್ತಿರೋ ಕಥೆ. ಕೆಆರ್‌ಎಸ್ ನೆನಪು ಮಾಡಿಕೊಳ್ಳಿ. ಒಳಹರಿವು ಸಣ್ಣಗೆ ನಡೀತಾನೇ ಇರುತ್ತದೆ, ನೀರು ತಿಂಗಳುಗಟ್ಟಲೆ ಏರುತ್ತದೆ, 124.80 ಅಡಿ ಹತ್ತಿರ ಬಂದಾಗ ಗೇಟು ತೆಗೀತಾರೆ, ಆಮೇಲೆ ಶ್ರೀರಂಗಪಟ್ಟಣದಲ್ಲಿ ಸ್ನಾನಘಟ್ಟ ಮುಳುಗುತ್ತದೆ. ತಟ್ಟೆಯಲ್ಲೂ ಹೀಗೇ. ವರ್ಷಗಟ್ಟಲೆ ತಣ್ಣಗೆ ತುಂಬುತ್ತಾ ಇದ್ದದ್ದು ಒಂದು ಹಂತಕ್ಕೆ ಬಂದಾಗ ಬಿಸಿಯಾಗಿ, ಅದರೊಳಗಿನ ಹೈಡ್ರೋಜನ್ ಎಲೆಕ್ಟ್ರಾನ್ ಕಳಚಿಕೊಂಡು ಅಯಾನು ಆಗಿ, ಅನಿಲದ ಅಂಟು ಜಾಸ್ತಿಯಾಗಿ, ಒಮ್ಮೆಲೇ ಒಳಕ್ಕೆ ನುಗ್ಗುತ್ತದೆ. ಇಲ್ಲಿ ಗೇಟು ತೆಗೆಯೋ ಇಂಜಿನಿಯರ್ ಅಂದರೆ ಶಾಖ. ಸುರಿತ ಕೆಲವು ವಾರ ನಡೆಯಬಹುದು, ವರ್ಷಗಟ್ಟಲೆಯೂ ನಡೆಯಬಹುದು. ಆಮೇಲೆ ಗೇಟು ಮುಚ್ಚಿಕೊಳ್ಳುತ್ತದೆ.

ಎಷ್ಟು ಸುರಿಯುತ್ತೆ ಅಂತ ಒಬ್ಬ ಹುಡುಗ ಕೇಳಿದ್ದ. ಜೋರು ಸುರಿತದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸಾವಿರ ಕೋಟಿ ಟನ್. ಕೆಆರ್‌ಎಸ್ ಪೂರ್ತಿ ತುಂಬಿದರೆ 49 ಟಿಎಂಸಿ ಚಿಲ್ಲರೆ, ಅಂದರೆ ಸುಮಾರು 140 ಕೋಟಿ ಟನ್ ನೀರು. ಲೆಕ್ಕ ಹಾಕಿ: ಸೆಕೆಂಡಿಗೆ 70 ಕೆಆರ್‌ಎಸ್. ಕಾವೇರಿ ಗಲಾಟೆ ಎಲ್ಲಾ ಒಂದು ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು.

ಅಷ್ಟು ಎತ್ತರದಿಂದ ಬಿದ್ದಾಗ ಬಂದ ಬಿಸಿ ಒಳಗೆ ಹೋಗಲ್ವಾ?

ಇದು ಒಳ್ಳೇ ಪ್ರಶ್ನೆ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಒಂದೊಂದು ಪ್ರೋಟಾನ್ ಬಿದ್ದಾಗಲೂ ಸುಮಾರು 200 ಎಂಇವಿ ಶಕ್ತಿ ಬಿಡುಗಡೆಯಾಗುತ್ತದೆ. ಎಂಇವಿ ಅಂದರೆ ಪರಮಾಣು ಲೆಕ್ಕದ ಶಕ್ತಿಯ ಅಳತೆ ಅಂದುಕೊಳ್ಳಿ ಸಾಕು. ಹೋಲಿಕೆಗೆ, ಹೈಡ್ರೋಜನ್ ಉರಿದು ಹೀಲಿಯಂ ಆದಾಗ, ಅಂದರೆ ಸೂರ್ಯನೊಳಗೆ ನಡೆಯೋ ಕೆಲಸದಲ್ಲಿ, ಕಣಕ್ಕೆ ಸಿಗೋದು 7ಕ್ಕಿಂತ ಸ್ವಲ್ಪ ಕಮ್ಮಿ. ಬರೀ ಬೀಳೋದರಿಂದಲೇ ಅದರ 30 ಪಟ್ಟು! ಆದರೆ ಆ 200 ಬಂದದ್ದು ಮೇಲ್ಮೈಯಲ್ಲಿ, ಅಲ್ಲಿಂದಲೇ ಎಕ್ಸ್-ರೇ ಆಗಿ ತಕ್ಷಣ ಹೊರಗೆ ಹಾರಿಹೋಗುತ್ತದೆ. ಕೈಗೆ ಬಂದ ಸಂಬಳ ಬಸ್‌ಸ್ಟ್ಯಾಂಡ್ ದಾಟೋದರೊಳಗೆ ಖಾಲಿ.

ಒಳಗೆ ಉಳಿಯೋ ಬಿಸಿ ಬೇರೆ ಕಡೆಯಿಂದ ಬರುತ್ತದೆ. ಹೊಸದಾಗಿ ಬಿದ್ದ ಪದಾರ್ಥ ಹಳೆಯದರ ಮೇಲೆ ಕೂರುತ್ತದೆ, ಹಳೆಯದು ಕೆಳಕ್ಕೆ ಜರುಗುತ್ತದೆ, ಇನ್ನೂ ಕೆಳಕ್ಕೆ. ಒತ್ತಡ ಏರುತ್ತಾ ಹೋದ ಹಾಗೆ ಪರಮಾಣು ಬೀಜಗಳು ಸುತ್ತಲಿನ ಎಲೆಕ್ಟ್ರಾನ್‌ಗಳನ್ನು ನುಂಗಿ, ಪ್ರೋಟಾನ್‌ಗಳನ್ನು ನ್ಯೂಟ್ರಾನ್ ಮಾಡಿಕೊಳ್ಳುತ್ತವೆ. ಇನ್ನೂ ಆಳದಲ್ಲಿ, ಸಾಂದ್ರತೆ ಘನ ಸೆಂಟಿಮೀಟರಿಗೆ 4ರ ಮುಂದೆ 11 ಸೊನ್ನೆ ಗ್ರಾಂ ದಾಟಿದ ಮೇಲೆ, ನ್ಯೂಟ್ರಾನ್‌ಗಳು ಬೀಜದಿಂದ ತೊಟ್ಟಿಕ್ಕೋಕೆ ಶುರುವಾಗುತ್ತದೆ. ಅದರ ಕೆಳಗೆ ಬೀಜಬೀಜಗಳೇ ಬೆಸೆದುಕೊಳ್ಳುತ್ತವೆ. ಅಲ್ಲಿ ಬೆಸೆಯೋಕೆ ಬಿಸಿ ಬೇಕಿಲ್ಲ, ಇಕ್ಕಟ್ಟೇ ಸಾಕು. ಇದೆಲ್ಲಾ ಸೇರಿ ಕಣಕ್ಕೆ ಒಂದೂವರೆಯಿಂದ 2 ಎಂಇವಿ. ಪೋಲೆಂಡಿನ ಹೆನ್ಸೆಲ್ ಮತ್ತು ಜ್ದುನಿಕ್ 1990ರಲ್ಲಿ ಈ ಲೆಕ್ಕ ಮಾಡಿದರು. ಬ್ರೌನ್, ಬಿಲ್ಡ್‌ಸ್ಟನ್, ರಟ್ಲೆಜ್ 1998ರಲ್ಲಿ, ಹಾಗಾದರೆ ಊಟ ನಿಂತ ಮೇಲೂ ಆ ಶಾಖ ನಮಗೆ ಕಾಣಬೇಕಲ್ಲ ಅಂತ ತೋರಿಸಿದರು.

200 ರೂಪಾಯಿ ಬಂತು, ಖರ್ಚಾಯಿತು. ಅಮ್ಮ ಸಾಸಿವೆ ಡಬ್ಬಿಗೆ ಹಾಕಿಟ್ಟ 2 ರೂಪಾಯಿ ಮಾತ್ರ ಉಳಿಯಿತು. ನಾವು ಮಾತಾಡ್ತಾ ಇರೋದು ಆ 2 ರೂಪಾಯಿ ಬಗ್ಗೆ.

ಆರೋದನ್ನ ನೋಡಿ ಏನು ಸಿಗುತ್ತೆ? ಉರಿಯೋವಾಗ ನೋಡೋದೇ ಚೆಂದ ಅಲ್ವಾ?

ಚೆಂದವೇ. ಆದರೆ ಉರಿಯೋವಾಗ ಬರೀ ಉರಿ ಕಾಣುತ್ತದೆ, ಒಲೆ ಕಾಣೋದಿಲ್ಲ.

ಮದ್ದೂರು ಕಡೆ ನಮ್ಮ ದೊಡ್ಡಪ್ಪನ ಆಲೆಮನೆ ಇತ್ತು. ರಜಕ್ಕೆ ಹೋದರೆ ನಾವು ಮಕ್ಕಳೆಲ್ಲಾ ಅಲ್ಲೇ ಬಿದ್ದಿರುತ್ತಿದ್ದೆವು. ದೊಡ್ಡ ಕೊಪ್ಪರಿಗೆ, ಕೆಳಗೆ ಗುಂಡಿ ಒಲೆ, ಒಣಗಿದ ಕಬ್ಬಿನ ಸಿಪ್ಪೆಯನ್ನು ಒಬ್ಬರು ಕೂತು ಸಮನಾಗಿ ತಳ್ಳುತ್ತಲೇ ಇರಬೇಕು. ಉರಿ ನಡೀತಿದ್ದಾಗ ಹತ್ತಿರ ಹೋಗೋ ಹಾಗೇ ಇರಲಿಲ್ಲ, ಮುಖ ಸುಡೋದು. ರಾತ್ರಿ ಕೊನೇ ಪಾಕ ಇಳಿಸಿ ಅಚ್ಚಿಗೆ ಹಾಕಿದ ಮೇಲೆ ಉರಿ ಹಾಕೋದು ನಿಲ್ಲುತ್ತಿತ್ತು. ಜ್ವಾಲೆ ಎರಡು ನಿಮಿಷದಲ್ಲಿ ಮಾಯ. ಒಲೆಯ ಬಾಯಿ ಒಂದು ಗಂಟೆಯಲ್ಲಿ ಕೈ ಇಡುವಷ್ಟು ಆರುತ್ತಿತ್ತು. ಆದರೆ ಗೋಡೆ? ಬೆಳಗಿನ ಜಾವ ಎದ್ದು ಬಂದರೆ ಮಣ್ಣು ಮೆತ್ತಿದ ಕಡೆ ತಣ್ಣಗೆ, ಇಟ್ಟಿಗೆ ಇದ್ದ ಕಡೆ ಇನ್ನೂ ಬೆಚ್ಚಗೆ, ಮೂಲೆಯಲ್ಲಿ ಒಂದು ಕಡೆಯಂತೂ ಮಧ್ಯಾಹ್ನದ ತನಕ ಬಿಸಿ. ಕೈಯಿಟ್ಟು ನೋಡೋದೂ ಬೇಡ, ಆಲೆಮನೆಯ ಎರಡು ನಾಯಿಗಳು ಎಲ್ಲಿ ಬೆನ್ನು ಒತ್ತಿಕೊಂಡು ಮಲಗಿವೆ ಅಂತ ನೋಡಿದರೆ ಗೊತ್ತಾಗುತ್ತಿತ್ತು. ಗೋಡೆ ಎಲ್ಲಿ ದಪ್ಪ, ಎಲ್ಲಿ ಟೊಳ್ಳು, ಎಲ್ಲಿ ಏನು ತುಂಬಿದ್ದಾರೆ, ಒಡೆಯದೇ ಹೇಳಬಹುದಿತ್ತು.

ನ್ಯೂಟ್ರಾನ್ ನಕ್ಷತ್ರದ ಸಿಪ್ಪೆಯನ್ನು ಒಡೆದು ನೋಡೋಕೆ ಆಗಲ್ಲ. ಹಾಗಾಗಿ ಉರಿ ನಿಂತ ಮೇಲೆ ಕೈಯಿಟ್ಟು ನೋಡ್ತಾರೆ. ಸುರಿತ ನಡೀತಿದ್ದಾಗ ಸಿಪ್ಪೆ ತಿರುಳಿಗಿಂತ ಬಿಸಿಯಾಗಿರುತ್ತದೆ. ಸುರಿತ ನಿಂತಾಗ ಆ ಬಿಸಿಯ ಒಂದು ಪಾಲು ಮೇಲಕ್ಕೆ, ಬಹುಪಾಲು ಕೆಳಗಿನ ತಿರುಳಿಗೆ ಹರಿಯುತ್ತದೆ, ಸಿಪ್ಪೆ ಮತ್ತು ತಿರುಳು ಸಮವಾಗುವ ತನಕ. ಮೊದಲ ಕೆಲವು ವಾರಗಳಲ್ಲಿ ಕಾಣೋದು ಮೇಲ್ಮೈಗೆ ಹತ್ತಿರದ ಪದರದ ಬಿಸಿ. ತಿಂಗಳುಗಳು ಕಳೆದ ಹಾಗೆ ನಡುವಿನದು. ವರ್ಷಗಳಾದ ಮೇಲೆ ಸಿಪ್ಪೆಯ ತಳದ್ದು. ಕ್ಯಾಲೆಂಡರ್ ಹಾಳೆ ತಿರುವಿದಷ್ಟೂ ಆಳ ಇಳಿದ ಹಾಗೆ.

ಮುದ್ದೆ ಉದಾಹರಣೆ ಕೊಡಬಹುದಿತ್ತಲ್ಲ?

ನಮ್ಮ ಭಾವ ಕೇಳಿದ್ದು ಇದು. ಕೊಡಬಹುದು. ಮೇಲೆ ಆರಿದೆ ಅಂತ ನಂಬಿ ನುಂಗಿದರೆ ಒಳಗಿನ ಬಿಸಿ ಗೊತ್ತಾಗೋದು ಗಂಟಲಿಗೆ ಹೋದ ಮೇಲೆ. ಆದರೆ ಮುದ್ದೆ ಒಳಗಿಂದ ಹೊರಗೆ ಒಂದೇ ಥರ. ಸಿಪ್ಪೆ ಹಾಗಲ್ಲ, ಅದಕ್ಕೇ ಒಲೆ ಗೋಡೆ.

ಎಷ್ಟು ದಿನ ಬೇಕು ಆರೋಕೆ? ನಿಜವಾಗಲೂ ಯಾರಾದರೂ ನೋಡಿದ್ದಾರಾ?

ನೋಡಿದ್ದಾರೆ. ಲಕ್ಷಾಂತರ ವರ್ಷದ ಮಾತಲ್ಲ ಇದು, ನಮ್ಮ ನಿಮ್ಮ ಆಯಸ್ಸಿನಲ್ಲೇ ಮುಗಿಯೋದು. ನನಗೆ ಈ ವಿಷಯ ಹಿಡಿಸಿದ್ದೇ ಇದಕ್ಕೆ.

ಮೊದಲನೆಯದು ಕೆಎಸ್ 1731-260. 1989ರಲ್ಲಿ ಸೋವಿಯತ್ ಮಿರ್ ನಿಲ್ದಾಣಕ್ಕೆ ಜೋಡಿಸಿದ್ದ ಕ್ವಾಂಟ್ ಉಪಕರಣ ಇದನ್ನು ಕಂಡಿತು. ಸುಮಾರು ಹನ್ನೆರಡೂವರೆ ವರ್ಷ ತಿಂದು 2001ರ ಶುರುವಿನಲ್ಲಿ ನಿಲ್ಲಿಸಿತು. ಬಾಹ್ಯಾಕಾಶದಿಂದ ಎಕ್ಸ್-ರೇ ನೋಡುವ ಚಂದ್ರಾ ದೂರದರ್ಶಕ 1999ರಲ್ಲಷ್ಟೇ ಮೇಲೆ ಹೋಗಿತ್ತು, ಅದೃಷ್ಟ ನೋಡಿ. ಅದನ್ನು ಅತ್ತ ತಿರುಗಿಸಿದಾಗ ಮೇಲ್ಮೈ ಸುಮಾರು 12 ಲಕ್ಷ ಕೆಲ್ವಿನ್. ಕೆಲವು ವರ್ಷ ಬಿಟ್ಟು ಬಿಟ್ಟು ನೋಡಿದಾಗ ಇಳಿದು ಇಳಿದು 7 ಲಕ್ಷ ಚಿಲ್ಲರೆಗೆ ಬಂತು. ಬಿಸಿ ಅರ್ಧಕ್ಕೂ ಇಳಿದಿಲ್ಲ ಅನ್ನಿಸಬಹುದು, ಆದರೆ ಹೊಳಪು ಬಿಸಿಯ ನಾಲ್ಕನೇ ಘಾತದ ಪ್ರಕಾರ ಇಳಿಯುತ್ತದೆ, ಅಂದರೆ ಏಳು ಪಟ್ಟು ಮಂಕು.

ಎರಡನೆಯದು ಎಂಎಕ್ಸ್‌ಬಿ 1659-29. ನನಗೆ ಇದರ ಮೇಲೆ ಜಾಸ್ತಿ ಪ್ರೀತಿ. 1976ರಲ್ಲಿ ಸಿಕ್ಕಿತು, ಎರಡು ಮೂರು ವರ್ಷ ಹೊಳೆಯಿತು, ಆಮೇಲೆ 20 ವರ್ಷದ ಮೇಲೆ ಸುದ್ದಿಯೇ ಇಲ್ಲ. 1999ರಲ್ಲಿ ಎದ್ದು ಎರಡೂವರೆ ವರ್ಷ ಉಂಡು 2001ರಲ್ಲಿ ಮಲಗಿತು. ಆಗ 14 ಲಕ್ಷ ಕೆಲ್ವಿನ್ ಇದ್ದದ್ದು ಆರೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. 2015ರಲ್ಲಿ ಮತ್ತೆ ಎದ್ದಿತು, 2017ರಲ್ಲಿ ಮತ್ತೆ ಮಲಗಿತು. ಎರಡನೇ ಸಲ ಆರಿದ್ದನ್ನೂ ಅಳೆದರು. ಎರಡಕ್ಕೂ ಒಂದೇ ಥರದ ಸಿಪ್ಪೆ ಲೆಕ್ಕ ಸರಿಹೋಯಿತು. ಒಂದೇ ಒಲೆ, ಎರಡು ಹಂಗಾಮು. ಇದಕ್ಕಿಂತ ಒಳ್ಳೇ ಪರೀಕ್ಷೆ ಎಲ್ಲಿ ಸಿಗುತ್ತದೆ?

ಎಕ್ಸ್‌ಟಿಇ ಜೆ1701-462 ಅಂತ ಇನ್ನೊಂದು, 2006-07ರಲ್ಲಿ ಒಂದೂವರೆ ವರ್ಷ ಚಿಲ್ಲರೆ, ಮಿತಿ ಮೀರುವಷ್ಟು ತಿಂದದ್ದು. ಟೆರ್ಜಾನ್ 5 ನಕ್ಷತ್ರಗುಚ್ಛದಲ್ಲಿ ಒಂದು 2010ರಲ್ಲಿ ಬರೀ 11 ವಾರ ತಿಂದಿತು. ಅಷ್ಟು ಸಣ್ಣ ಊಟಕ್ಕೆ ಸಿಪ್ಪೆ ಎಲ್ಲಿ ಬಿಸಿಯಾಗುತ್ತೆ ಅಂತ ಅಂದುಕೊಂಡಿದ್ದರು. ಆಯಿತು, ಆರಿದ್ದೂ ಕಾಣಿಸಿತು.

ಇದರಿಂದ ಗೊತ್ತಾಗಿದ್ದೇನು?

ಮುಖ್ಯವಾಗಿ ಒಂದು: ಸಿಪ್ಪೆ ಹರಳು.

ಅಳೆಯೋ ಮುಂಚೆ ಬೇರೆ ಅನುಮಾನ ಇತ್ತು. ಮೇಲೆ ಬಿದ್ದ ಹೈಡ್ರೋಜನ್ ಹೀಲಿಯಂ ಆಗಾಗ ಭಗ್ ಅಂತ ಉರಿದು ಬೂದಿಯಾಗುತ್ತದೆ. ಆ ಬೂದಿಯಲ್ಲಿ ಹತ್ತಾರು ಬಗೆಯ ಧಾತು ಕಲಬೆರಕೆ. ಅಂಥ ಕಲಬೆರಕೆ ಒತ್ತಿ ಒತ್ತಿ ಗಟ್ಟಿಯಾದರೆ ಅಡ್ಡಾದಿಡ್ಡಿಯಾಗಿಯೇ ಗಟ್ಟಿಯಾಗುತ್ತದೆ, ಬಿಸಿ ಅದರೊಳಗೆ ತಡವರಿಸುತ್ತಾ ಹೋಗುತ್ತದೆ, ಆರೋಕೆ ಹತ್ತಾರು ವರ್ಷ ಹಿಡಿಯಬಹುದು ಅಂತ. ಮಂಡ್ಯದವರಿಗೆ ಹೇಳೋದಾದರೆ, ಬೆಲ್ಲದ ಅಚ್ಚು ಇದ್ದ ಹಾಗೆ ಇರುತ್ತೆ ಅಂದುಕೊಂಡಿದ್ದರು: ಗಟ್ಟಿ, ಆದರೆ ಒಳಗೆ ಗಸಿ, ಮಡ್ಡಿ, ಯಾವ ಸಾಲೂ ಇಲ್ಲ. ಸಿಕ್ಕಿದ್ದು ಕಲ್ಲುಸಕ್ಕರೆ. ಪರಮಾಣು ಬೀಜಗಳು ಸಾಲು ಹಿಡಿದು ನಿಂತಿವೆ, ಎಲೆಕ್ಟ್ರಾನ್‌ಗಳು ಆ ಸಾಲುಗಳ ನಡುವೆ ಸಲೀಸಾಗಿ ಓಡಿ ಬಿಸಿ ಸಾಗಿಸುತ್ತವೆ. ಅದಕ್ಕೇ ಇಷ್ಟು ಬೇಗ ಆರಿತು. ಷ್ಟೆರ್ನಿನ್ ಮತ್ತು ಜೊತೆಯವರು 2007ರಲ್ಲಿ, ಬ್ರೌನ್ ಮತ್ತು ಕಮಿಂಗ್ 2009ರಲ್ಲಿ ಇದನ್ನು ಲೆಕ್ಕದಲ್ಲಿ ತೋರಿಸಿದರು. ಅದೇ ಸುಮಾರಿಗೆ ಕಂಪ್ಯೂಟರಿನಲ್ಲಿ ಕಲಬೆರಕೆ ಬೂದಿಯನ್ನು ಗಟ್ಟಿಮಾಡಿ ನೋಡಿದವರಿಗೂ ಹರಳೇ ಸಿಕ್ಕಿತು.

ಇನ್ನೂ ಒಂದಿದೆ. ಸಿಪ್ಪೆಯ ಒಳಭಾಗದಲ್ಲಿ ತೊಟ್ಟಿಕ್ಕಿದ ನ್ಯೂಟ್ರಾನ್‌ಗಳು ತುಂಬಿಕೊಂಡಿರುತ್ತವಲ್ಲ, ಅವು ಸಾಧಾರಣ ದ್ರವವಾಗಿದ್ದರೆ ತುಂಬಾ ಬಿಸಿ ಹಿಡಿದಿಟ್ಟುಕೊಳ್ಳಬೇಕಿತ್ತು, ಆರೋದು ನಿಧಾನ ಆಗಬೇಕಿತ್ತು. ಆಗಲಿಲ್ಲ. ಅವು ತಡೆಯೇ ಇಲ್ಲದೆ ಹರಿಯೋ ಅತಿದ್ರವ ಅನ್ನೋದಕ್ಕೆ ಇದೂ ಒಂದು ಸುಳಿವು.

ಹಾಗಾದರೆ ಎಲ್ಲಾ ಗೊತ್ತಾಯ್ತು ಅನ್ನಿ?

ಎಲ್ಲಿ ಸಾರ್! ಒಂದು ಕಡೆ ಲೆಕ್ಕ ಕೂಡ್ತಾನೇ ಇಲ್ಲ.

ಮೇಲೆ ಹೇಳಿದ 2 ರೂಪಾಯಿ ಬರೋದು ಆಳದಲ್ಲಿ. ಹಾಗಾದರೆ ಊಟ ನಿಂತ ಮೊದಲ ವಾರಗಳಲ್ಲಿ ಮೇಲ್ಪದರ ಅಷ್ಟೇನೂ ಬಿಸಿ ಇರಬಾರದು. ಆದರೆ ನಕ್ಷತ್ರದ ಮೇಲೆ ನಕ್ಷತ್ರ ಅಳೆದರೂ ಶುರುವಿನಲ್ಲಿ ಮೇಲ್ಪದರ ಸಿಕ್ಕಾಪಟ್ಟೆ ಬಿಸಿ. ಯಾವುದೋ ಶಾಖ ಮೇಲ್ಗಡೆಯೇ ಹುಟ್ಟುತ್ತಿದೆ. ಬಹುಪಾಲು ನಕ್ಷತ್ರಗಳಿಗೆ ಕಣಕ್ಕೆ ಒಂದೆರಡು ಎಂಇವಿ ಜಾಸ್ತಿ ಹಾಕಿದರೆ ಲೆಕ್ಕ ಸರಿಹೋಗುತ್ತದೆ. 2011ರಲ್ಲಿ ಕಂಡ ಮ್ಯಾಕ್ಸಿ ಜೆ0556-332 ಅನ್ನೋದಕ್ಕೆ ಮಾತ್ರ ಅಷ್ಟು ಸಾಲದು, ಕೆಲವು ಪಟ್ಟು ಬೇಕು. ಇದಕ್ಕೆ 'ಮೇಲಾಳದ ಶಾಖ' ಅಂತ ನಾನೇ ಹೆಸರಿಟ್ಟುಕೊಂಡಿದ್ದೇನೆ.

ಎಲ್ಲಿಂದ ಬರುತ್ತೆ ಅಂತ ಕೇಳಬೇಡಿ. ಹಗುರ ಬೀಜಗಳು ಅಂದಾಜಿಗಿಂತ ಮುಂಚೆಯೇ ಬೆಸೆಯುತ್ತವೆ ಅಂತ ಒಬ್ಬರು. ಗಟ್ಟಿಯಾಗುವಾಗ ಭಾರದ್ದು ಕೆಳಗೆ, ಹಗುರದ್ದು ಮೇಲೆ ಬೇರೆಯಾಗಿ ಬಿಸಿ ಸಾಗಿಸುತ್ತವೆ ಅಂತ ಇನ್ನೊಬ್ಬರು. ತಟ್ಟೆಯಿಂದ ಜೋರಾಗಿ ತಿರುಗುತ್ತಾ ಬಂದು ಬಿದ್ದ ಅನಿಲದ ತಿರುಗಾಟದ ಶಕ್ತಿ ಅಲೆಗಳಾಗಿ ಒಳಗೆ ಇಳಿಯುತ್ತೆ ಅಂತ ಮತ್ತೊಬ್ಬರು. ಒಂದು ನಕ್ಷತ್ರಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದಲ್ಲ. ನನ್ನ ಕೇಳಿದರೆ ಒಂದಕ್ಕಿಂತ ಹೆಚ್ಚು ಕಾರಣ ಇವೆ, ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟೋಕೆ ನೋಡೋದೇ ತಪ್ಪು. ಆದರೆ ನಾನು ಮಹಡಿ ಮೇಲಿನ ಖಗೋಳಪ್ರಿಯ, ನನ್ನ ಮಾತಿಗೆ ಅಷ್ಟೇ ಬೆಲೆ.

ತಿರುಳಿನ ಕಥೆ ಏನು?

ಸಿಪ್ಪೆ ಆರಿ ಆರಿ ಎಲ್ಲಿ ನಿಲ್ಲುತ್ತದೋ ಅದು ತಿರುಳಿನ ಬಿಸಿ ಹೇಳುತ್ತದೆ. ತಿರುಳು ಬಿಸಿ ಕಳೆದುಕೊಳ್ಳೋದು ಮುಖ್ಯವಾಗಿ ನ್ಯೂಟ್ರಿನೊಗಳ ಮೂಲಕ. ಅವು ಯಾವುದಕ್ಕೂ ತಡೆಯಿಲ್ಲದೆ ನೇರ ಹೊರಗೆ ಹೋಗೋ ಕಣಗಳು. ನ್ಯೂಟ್ರಿನೊ ಅಂದ ತಕ್ಷಣ ಒಂದು ಮಾತು: ಗಾಳಿಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ, ಎರಡು ಕಿ.ಮೀ.ಗೂ ಜಾಸ್ತಿ ಆಳದಲ್ಲಿ.

ಈ ಸೋರಿಕೆಯ ಅತಿ ಜೋರಿನ ದಾರಿಗೆ 'ಉರ್ಕಾ' ಅಂತ ಹೆಸರು. ಬ್ರೆಜಿಲ್‌ನ ರಿಯೋ ನಗರದಲ್ಲಿ ಉರ್ಕಾ ಅನ್ನೋ ಜೂಜುಕಟ್ಟೆ ಇತ್ತು. ಭೌತವಿಜ್ಞಾನಿಗಳಾದ ಜಾರ್ಜ್ ಗಾಮೋವ್ ಮತ್ತು ಮಾರಿಯೊ ಶೆನ್‌ಬರ್ಗ್ ಅಲ್ಲಿ ಹೋಗಿದ್ದಾಗ, ಈ ಮೇಜಿನ ಮೇಲೆ ದುಡ್ಡು ಮಾಯವಾಗೋ ವೇಗದಲ್ಲೇ ನಕ್ಷತ್ರದ ನಡುವಿನಿಂದ ಶಕ್ತಿ ಮಾಯವಾಗುತ್ತೆ ಅಂತ ಮಾತು ಬಂದು ಹೆಸರು ಅಂಟಿಕೊಂಡಿತು. ಇಬ್ಬರೂ 1941ರಲ್ಲಿ ಈ ಬಗ್ಗೆ ಬರೆದರು. ಅವರು ಮೈಸೂರಿನಲ್ಲಿದ್ದಿದ್ದರೆ ದಸರಾ ವಸ್ತುಪ್ರದರ್ಶನದ ಹೆಸರಿಡುತ್ತಿದ್ದರು. ಮಕ್ಕಳ ಜೊತೆ ಒಂದು ಸಂಜೆ ಹೋಗಿಬಂದವರಿಗೆ ಜೇಬಿನ ಕಥೆ ಗೊತ್ತು.

ಈ ಅತಿ ಜೋರಿನ ದಾರಿ, ಅಂದರೆ 'ನೇರ ಉರ್ಕಾ', ಎಲ್ಲಾ ನ್ಯೂಟ್ರಾನ್ ನಕ್ಷತ್ರದಲ್ಲೂ ನಡೆಯಲ್ಲ. ತಿರುಳಿನಲ್ಲಿ ಪ್ರೋಟಾನ್‌ಗಳ ಪಾಲು ಒಂದು ಮಟ್ಟಕ್ಕಿಂತ ಜಾಸ್ತಿ ಇರಬೇಕು. ಎಲ್ಲಿ ನಡೆಯುತ್ತಿದೆ ಅಂತ ಗೊತ್ತಾದರೆ ತಿರುಳಿನೊಳಗೆ ಏನಿದೆ ಅನ್ನೋದಕ್ಕೆ ಕೈ ಹಾಕಿದ ಹಾಗೆ. 2018ರಲ್ಲಿ ಬ್ರೌನ್ ಮತ್ತು ಜೊತೆಯವರು ಎಂಎಕ್ಸ್‌ಬಿ 1659-29ರ ಲೆಕ್ಕ ಹಾಕಿದರು. ಇಷ್ಟು ತಿಂದಿದೆ, ಇಷ್ಟು ಬಿಸಿ ಒಳಗೆ ಹೋಗಿದೆ, ಆದರೂ ತಿರುಳು ಇಷ್ಟು ತಣ್ಣಗಿದೆ, ಹಾಗಾದರೆ ಒಳಗೆ ಎಲ್ಲೋ ಒಂದು ಪಾಲಿನಲ್ಲಿ ಬೇಗನೆ ಸೋರುವ ದಾರಿ ತೆರೆದಿರಲೇಬೇಕು ಅಂತ. ನಾನು ಅದಕ್ಕೆ ಪ್ರೀತಿ ಜಾಸ್ತಿ ಅಂದದ್ದು ಸುಮ್ನೆ ಅಲ್ಲ.

ಉರ್ಕಾ ಸಿಪ್ಪೆಯೊಳಗೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತೆ ಅಂತ 2014ರಲ್ಲಿ ಷಾಟ್ಸ್ ಮತ್ತು ಜೊತೆಯವರು ತೋರಿಸಿದರು. ಕೆಲವು ಬೀಜಗಳು ಎಲೆಕ್ಟ್ರಾನ್ ನುಂಗೋದು, ಉಗುಳೋದು, ಮತ್ತೆ ನುಂಗೋದು, ಪ್ರತಿ ಸಲವೂ ಒಂದು ನ್ಯೂಟ್ರಿನೊ ಜಾರಿಹೋಗೋದು. ಅಂದರೆ ಮೇಲಾಳದ ಶಾಖವೇ ಎಲ್ಲಿಂದ ಅಂತ ತಿಳಿಯದೆ ಕೂತಿದ್ದಾಗ, ಮೇಲುಗಡೆಯೇ ಒಂದು ತೂತೂ ಇದೆ ಅಂತಾಯಿತು. ಪಾತ್ರೆಗೆ ಯಾರು ನೀರು ಹಾಕ್ತಿದ್ದಾರೋ ಗೊತ್ತಿಲ್ಲ, ತಳವೂ ಸೋರ್ತಾ ಇದೆ.

ಒಳಗೆ ಪಾಸ್ತಾ ಇದೆಯಂತೆ, ನಿಜಾನಾ?

ಸಿಪ್ಪೆ ಮುಗಿದು ತಿರುಳು ಶುರುವಾಗೋ ಜಾಗದಲ್ಲಿ ಬೀಜಗಳು ಒಂದಕ್ಕೊಂದು ಅಂಟಿ ಗುಂಡಗೆ, ಉದ್ದಕ್ಕೆ, ಹಾಳೆ ಹಾಳೆಯಾಗಿ ಆಗುತ್ತವೆ ಅಂತ ಲೆಕ್ಕ ಹೇಳುತ್ತದೆ. ಪರದೇಶದವರು ಅದನ್ನು ಪಾಸ್ತಾ ಅಂದರು. ಕಡುಬು, ಶಾವಿಗೆ, ದೋಸೆ ಅಂದುಕೊಳ್ಳಿ, ಒಂದೂ ತಪ್ಪಾಗಲ್ಲ. ಈ ಪದರದಲ್ಲಿ ಸಾಲು ಕೆಟ್ಟಿರೋದರಿಂದ ಬಿಸಿ ನಿಧಾನವಾಗಿ ಸಾಗುತ್ತದೆ, ಕೊನೆಕೊನೆಯ ವರ್ಷಗಳಲ್ಲಿ ಆರೋದು ತಡವಾಗಬಹುದು ಅಂತ 2015ರಲ್ಲಿ ಹೊರೊವಿಟ್ಸ್ ಮತ್ತು ಜೊತೆಯವರು ಬರೆದರು.

ಅಷ್ಟು ದೂರದಿಂದ ಬಿಸಿ ಅಳೆಯೋದು ಹೇಗೆ?

ಕೆಂಡದ ಬಣ್ಣ ನೋಡಿ ಅಕ್ಕಸಾಲಿ ಬಿಸಿ ಹೇಳಲ್ವಾ, ಹಾಗೆ. ಲಕ್ಷಗಟ್ಟಲೆ ಡಿಗ್ರಿ ಬಿಸಿಯಾದ ವಸ್ತು ಎಕ್ಸ್-ರೇ ಬಣ್ಣದಲ್ಲಿ ಹೊಳೆಯುತ್ತದೆ. ಯಾವ ಶಕ್ತಿಯ ಎಕ್ಸ್-ರೇ ಎಷ್ಟೆಷ್ಟು ಬಂತು ಅಂತ ನೋಡಿ ಬಿಸಿ ಲೆಕ್ಕ ಹಾಕ್ತಾರೆ. ಅಲ್ಲಿನ ಗುರುತ್ವ ಎಷ್ಟು ಜೋರು ಅಂದರೆ ಹೊರಡುವ ಬೆಳಕೂ ಸ್ವಲ್ಪ ಸುಸ್ತಾಗಿ ಬರುತ್ತದೆ, ಹಾಗಾಗಿ ನಮಗೆ ಕಾಣೋ ಬಿಸಿ ನಿಜಕ್ಕಿಂತ ಕಮ್ಮಿ. ನಾನು ಮೇಲೆ ಕೊಟ್ಟ ಲಕ್ಷಗಳೆಲ್ಲಾ ದೂರದಿಂದ ಕಂಡ ಬಿಸಿ.

ಕಷ್ಟ ಎಲ್ಲಿ ಅಂದರೆ, ಊಟ ನಿಂತ ಮೇಲೆ ಹೊಳಪು ಸಾವಿರ ಪಟ್ಟಿಗೂ ಜಾಸ್ತಿ ಇಳಿದುಬಿಡುತ್ತದೆ. ಗಂಟೆಗಟ್ಟಲೆ ನೋಡಿದರೂ ಸಿಗೋ ಫೋಟಾನ್ ಎಣಿಸುವಷ್ಟೇ. ಅದಕ್ಕೇ ಚಂದ್ರಾ, ಎಕ್ಸ್‌ಎಂಎಂ-ನ್ಯೂಟನ್ ಥರದ ದೊಡ್ಡ ದೂರದರ್ಶಕಗಳೇ ಬೇಕು. ಊಟ ಯಾವತ್ತು ನಿಂತಿತು ಅಂತ ಕಾವಲು ಕಾಯೋಕೆ ಸ್ವಿಫ್ಟ್, ಮ್ಯಾಕ್ಸಿ ಅನ್ನೋ ಬಾಹ್ಯಾಕಾಶದ ಉಪಕರಣಗಳಿವೆ.

ಪೂರ್ತಿ ನಿಲ್ಲದೆ ಸ್ವಲ್ಪ ಸ್ವಲ್ಪ ತಿಂತಾ ಇದ್ದರೆ?

ಅದೇ ದೊಡ್ಡ ತಲೆನೋವು. ಉರಿ ನಿಲ್ಲಿಸಿದ್ದೀವಿ ಅಂತ ಗೋಡೆ ಮುಟ್ಟಿ ನೋಡ್ತಾ ಇದ್ದಾಗ ಯಾರೋ ಹಿಂದಿನಿಂದ ಒಲೆಗೆ ಒಂದು ಹಿಡಿ ಕಬ್ಬಿನ ಸಿಪ್ಪೆ ಎಸೆದ ಹಾಗೆ. ಬಿಸಿ ದಿಢೀರನೆ ಏರಿದರೆ, ಇಲ್ಲಾ ಜಾಸ್ತಿ ಶಕ್ತಿಯ ಎಕ್ಸ್-ರೇ ಬೆರೆತು ಬಂದರೆ ಅನುಮಾನ ಪಡ್ತಾರೆ. ಮೇಲ್ಪದರದಲ್ಲಿ ಹಗುರ ಧಾತು ಉಳಿದಿದ್ದರೂ ಮೇಲ್ಮೈ ಬೇರೆ ಥರ ಬಿಸಿ ಕಾಣುತ್ತದೆ. ಒಂದು ಅಳತೆ ನೋಡಿ ಕುಣಿಯಬಾರದು.

ಜಾಸ್ತಿ ತಿಂದರೆ ಜಾಸ್ತಿ ಬಿಸಿ, ಅಷ್ಟೇ ತಾನೇ?

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಇಎಕ್ಸ್‌ಒ 0748-676 ನೋಡಿ. 1985ರಲ್ಲಿ ಸಿಕ್ಕಿತು, 2008ರ ತನಕ 20 ವರ್ಷದ ಮೇಲೆ ಬಿಡದೆ ತಿಂದಿತು. ನಿಂತ ಮೇಲೆ ಭಾರೀ ಆರುತ್ತೆ ಅಂತ ಕಾದರೆ, ಇಳಿದದ್ದು ಸ್ವಲ್ಪವೇ. ಅದರ ತಿರುಳೇ ಬಿಸಿ ಅನ್ನಿಸುತ್ತದೆ, ಸಿಪ್ಪೆಗೂ ತಿರುಳಿಗೂ ಅಂತರ ಕಮ್ಮಿ ಇದ್ದರೆ ಇಳಿಯೋದಾದರೂ ಎಲ್ಲಿಗೆ? 16 ವರ್ಷ ಸುಮ್ಮನಿದ್ದು 2024ರಲ್ಲಿ ಮತ್ತೆ ತಿನ್ನೋಕೆ ಶುರುಮಾಡಿತು.

ನಮ್ಮವರು ಯಾರಾದರೂ ಈ ಕೆಲಸದಲ್ಲಿ ಇದ್ದಾರಾ?

ನಂಜನಗೂಡಿನವರೇ ಒಬ್ಬರಿದ್ದರು. ಬಿ.ವಿ. ಶ್ರೀಕಂಠನ್, ಹುಟ್ಟಿದ್ದು 1925ರಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು, ಕೋಲಾರದ ಗಣಿಯಲ್ಲೂ ಪ್ರಯೋಗ ಮಾಡಿದ್ದರು. ಸ್ಕಾರ್ಪಿಯಸ್ ಎಕ್ಸ್-1 ಅನ್ನೋದು 1962ರಲ್ಲಿ ರಾಕೆಟ್‌ನಿಂದ ಕಂಡ, ಸೌರಮಂಡಲದ ಆಚೆಯ ಮೊದಲ ಎಕ್ಸ್-ರೇ ಮೂಲ. ಆದರೆ ಅದು ಆಕಾಶದಲ್ಲಿ ಸರಿಯಾಗಿ ಎಲ್ಲಿದೆ ಅಂತ ಗೊತ್ತಿರಲಿಲ್ಲ. 1966ರಲ್ಲಿ ರಾಕೆಟ್ ಹಾರಿಸಿ ಜಾಗ ಗುರುತಿಸಿದ ತಂಡದಲ್ಲಿ ಇವರೂ ಇದ್ದರು. ಅದೂ ತಿನ್ನುತ್ತಿರೋ ನ್ಯೂಟ್ರಾನ್ ನಕ್ಷತ್ರವೇ, ಆದರೆ ನಾವು ಕಂಡಾಗಿನಿಂದ ಒಂದು ದಿನವೂ ಊಟ ನಿಲ್ಲಿಸಿಲ್ಲ. ಹಾಗಾಗಿ ಅದರ ಸಿಪ್ಪೆ ಆರೋದನ್ನು ನೋಡೋ ಭಾಗ್ಯ ಇಲ್ಲ.

2015ರಲ್ಲಿ ಇಸ್ರೋ ಕಳಿಸಿದ ಆಸ್ಟ್ರೋಸ್ಯಾಟ್ ಇಂಥ ಜೋಡಿಗಳನ್ನು ಊಟದ ಹೊತ್ತಿನಲ್ಲಿ ನೋಡೋಕೆ ಚೆನ್ನ. ಆರುವಾಗಿನ ಮಂಕು ಬೆಳಕಿಗೆ ಅದು ಹೇಳಿ ಮಾಡಿಸಿದ್ದಲ್ಲ. ಇನ್ನು ಚಂದ್ರಾ ದೂರದರ್ಶಕದ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು, ಇದನ್ನು ಪ್ರತಿ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ.

ನಿಮ್ಮ ಟೆಲಿಸ್ಕೋಪಿನಲ್ಲಿ ತೋರಿಸ್ತೀರಾ?

ಆಗಲ್ಲ. ಎಕ್ಸ್-ರೇ ನಮ್ಮ ಗಾಳಿಮಂಡಲ ದಾಟಿ ಕೆಳಗೆ ಬರೋದೇ ಇಲ್ಲ. ಆದರೆ ಜಾಗ ತೋರಿಸಬಹುದು. ಮೇ ತಿಂಗಳಲ್ಲಿ, ಮಳೆ ಮೋಡ ಇಲ್ಲದ ರಾತ್ರಿ, ಹತ್ತು ಗಂಟೆ ಮೇಲೆ ಚಾಮುಂಡಿ ಬೆಟ್ಟದ ದೀಪಗಳಿಂದ ಸ್ವಲ್ಪ ಮೇಲಕ್ಕೆ ಆಗ್ನೇಯದಲ್ಲಿ ನೋಡಿ. ಚೇಳಿನ ಆಕಾರ, ನಡುವೆ ಕೆಂಪಗೆ ಜ್ಯೇಷ್ಠಾ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಜ್ಯೇಷ್ಠಾದಿಂದ ಉತ್ತರಕ್ಕೆ ಒಂದು ಮುಷ್ಟಿ ಚಿಲ್ಲರೆ ಹೋದರೆ ಊಟ ಬಿಡದ ಸ್ಕಾರ್ಪಿಯಸ್ ಎಕ್ಸ್-1. ಇನ್ನೊಂದು ಕಡೆ, ಬಾಲದ ದಿಕ್ಕಿಗೆ, ಮುಷ್ಟಿಗಿಂತ ಸ್ವಲ್ಪ ಕಮ್ಮಿ ದೂರದಲ್ಲಿ ಎಂಎಕ್ಸ್‌ಬಿ 1659-29. ಬರಿಗಣ್ಣಿಗೆ ಎರಡೂ ಕಡೆ ಏನೂ ಕಾಣಲ್ಲ, ಕತ್ತಲೆ ಅಷ್ಟೇ. ಹೋದ ಸಲ ಎದುರುಮನೆ ಹುಡುಗಿ ಆ ಕತ್ತಲೆ ಕಡೆಗೇ ಕೈ ಚಾಚಿಕೊಂಡು, ಬಿಸಿ ತಾಗುತ್ತಾ ಅಂತ ನೋಡ್ತಾ, ತುಂಬಾ ಹೊತ್ತು ನಿಂತಿದ್ದಳು.